ಕಲಬುರಗಿಯಲ್ಲಿ ಕುಳಿತು ನೆದರ್‌ಲೆಂಡ್ಸ್ ಕಂಪನಿಗೆ ಕೆಲಸ: ಪಗಾರವೋ, ಬಿಲ್ಲೋ?

ಮಹಡಿ ಖೋಲಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಅವ್ವನ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಊರಿಗೆ ಬಂದವಳು ಇಲ್ಲಿಯೇ ಉಳಿದೆ. ಜೇವರ್ಗಿ ರಸ್ತೆಯ ಮನೆಯ ಮಹಡಿಯ ಮೇಲಿನ ಖೋಲಿಯೇ ಒಂದೂವರೆ ವರ್ಷದಿಂದ ನನ್ನ ಕಚೇರಿ. ಯಜಮಾನರು ಇಲ್ಲಿಯೇ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಈಗ ಕಂಪನಿಯವರು ವಾರಕ್ಕೆ ಮೂರು ದಿನ ಕಚೇರಿಗೆ ಬರಲೇಬೇಕೆಂದು ಪತ್ರ ಕಳಿಸಿದ್ದಾರೆ. ರಾತ್ರಿ ರೈಲು ಹತ್ತಿ ಹೋಗಿ, ಮೂರು ದಿನ ಕಳೆದು, ಮತ್ತೆ ರಾತ್ರಿ ರೈಲಿಗೆ ಬರುವುದನ್ನು ಎರಡು ವಾರ ಮಾಡಿ ನೋಡಿದೆ. ಮೂರನೆಯ ವಾರ ಕೈಚೆಲ್ಲಿದೆ.

ಅಷ್ಟರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ ನೆದರ್‌ಲೆಂಡ್ಸ್‌ನ ಒಂದು ಸಣ್ಣ ಕಂಪನಿಯ ಕೆಲಸ ಸಿಕ್ಕಿದೆ. ಒಟ್ಟು ಇಪ್ಪತ್ತು ಜನ. ಭಾರತದಲ್ಲಿ ಅವರಿಗೆ ಕಚೇರಿಯಿಲ್ಲ, ನೋಂದಣಿಯೂ ಇಲ್ಲ. ನನ್ನ ಮುಂದೆ ಎರಡು ದಾರಿ ಇಟ್ಟಿದ್ದಾರೆ. ಒಂದು, ನಾನು ಸ್ವತಂತ್ರ ಗುತ್ತಿಗೆದಾರಳಾಗಿ ತಿಂಗಳಿಗೆ 3,000 ಯುರೋ ಬಿಲ್ಲು ಕಳಿಸುವುದು. ಎರಡು, ಭಾರತದ ಒಂದು ಮಧ್ಯವರ್ತಿ ಸಂಸ್ಥೆ ನನ್ನನ್ನು ತನ್ನ ನೌಕರಳೆಂದು ದಾಖಲಿಸಿಕೊಂಡು ಪಗಾರ ಕೊಡುವುದು. ಆ ಸಂಸ್ಥೆಯ ಶುಲ್ಕ, ಪಿಎಫ್ ಎಲ್ಲ ಕಳೆದು ಅದು ತಿಂಗಳಿಗೆ 2,400 ಯುರೋ ಆಗುತ್ತದೆ. ಕೆಲಸ ಎರಡರಲ್ಲೂ ಒಂದೇ.

ಗುತ್ತಿಗೆಯ ಕರಡಿನಲ್ಲಿ ಎರಡು ಮಾತು ಕಣ್ಣಿಗೆ ಚುಚ್ಚಿದವು. ಯಾರು ಬೇಕಾದರೂ 7 ದಿನದ ಸೂಚನೆ ಕೊಟ್ಟು ಕೆಲಸ ನಿಲ್ಲಿಸಬಹುದು. ಬಿಲ್ಲು ತಲುಪಿದ 45 ದಿನದೊಳಗೆ ಹಣ.

ಅಪ್ಪನಿಗೆ ಇದ್ಯಾವುದೂ ಒಪ್ಪಿಗೆಯಿಲ್ಲ. ‘371ಜೆ ಬಂದು ಇಷ್ಟು ವರ್ಷವಾಯಿತು, ನಮ್ಮ ಭಾಗದವರಿಗೆ ಸರಕಾರಿ ನೌಕರಿಯಲ್ಲಿ ಮೀಸಲಾತಿ ಇದೆ, ನೀನು ಕಾಣದ ದೇಶದ ಹಿಂದೆ ಬಿದ್ದಿದ್ದೀಯ’ ಎನ್ನುತ್ತಾರೆ. ನನಗೆ 33 ವರ್ಷ ಎಂಬುದು ಅವರಿಗೆ ಮರೆತುಹೋಗಿದೆ. ಇಲ್ಲಿ ಯಾರಾದರೂ ಈ ದಾರಿ ತುಳಿದವರು ಇದ್ದರೆ ತಿಳಿಸಿ.

ರಾತ್ರಿ ಪಾಳಿ, ಭಾಲ್ಕಿ

3,000 ಬಿಟ್ಟು 2,400 ಯಾರು ತೆಗೆದುಕೊಳ್ಳುತ್ತಾರೆ? ಇದರಲ್ಲಿ ಕೇಳುವುದೇನಿದೆ?

ಗುಂಪಾ ಅಕ್ಕ, ಬೀದರ್

ಭಾಲ್ಕಿಯವರೇ, ಕೇಳುವುದು ಬಹಳ ಇದೆ. ನಾನೂ ನಾಲ್ಕು ವರ್ಷದ ಹಿಂದೆ ನಿಮ್ಮ ಹಾಗೆಯೇ ಅಂದುಕೊಂಡಿದ್ದೆ.

ತಂಗೀ, ನನ್ನದು ಸಾಫ್ಟ್‌ವೇರ್ ಅಲ್ಲ. ಅಮೆರಿಕದ ಒಂದು ಕಂಪನಿಗೆ ವಿಡಿಯೊಗಳ ಅಡಿಬರಹ ತಿದ್ದುವ ಕೆಲಸ, ಗಂಟೆಯ ಲೆಕ್ಕ. ಮೊದಲ ಎರಡೂವರೆ ವರ್ಷ ಹಣ ತಾರೀಖಿಗೆ ಸರಿಯಾಗಿ ಬಂತು. ಒಂದು ರಾತ್ರಿ ಎರಡು ಗಂಟೆಗೆ ಅರ್ಧ ವಾಕ್ಯ ತಿದ್ದುತ್ತಿರುವಾಗ ಪರದೆ ಬೆಳ್ಳಗಾಯಿತು. ಕರೆಂಟು ಹೋಯಿತೇನೋ ಎಂದು ಫ್ಯಾನ್ ನೋಡಿದೆ, ತಿರುಗುತ್ತಿತ್ತು. ಮತ್ತೆ ಒಳಗೆ ಹೋಗಲು ನೋಡಿದರೆ ಗುಪ್ತಪದ ಒಪ್ಪಲಿಲ್ಲ. ಬೆಳಿಗ್ಗೆ ನನ್ನ ಸ್ವಂತ ಇಮೇಲ್‌ಗೆ ನಾಲ್ಕು ಸಾಲು ಬಂದಿತ್ತು: ಯೋಜನೆ ಮುಗಿದಿದೆ, ನಿಮ್ಮ ಸೇವೆಗೆ ಧನ್ಯವಾದ. ಒಪ್ಪಂದದಲ್ಲಿ 3 ದಿನದ ಸೂಚನೆ ಎಂದಿತ್ತು. ಆ ಮೂರು ದಿನದ ಹಣವನ್ನು ಪ್ರಾಮಾಣಿಕವಾಗಿಯೇ ಕೊಟ್ಟರು. ಆದರೆ ಆ ತಿಂಗಳಿನದೂ ಹಿಂದಿನ ತಿಂಗಳಿನದೂ ಸೇರಿ 61 ದಿನದ ದುಡಿಮೆ ಅವರ ಬಳಿ ಬಾಕಿಯಿತ್ತು. ಅದು ಕೈಗೆ ಬರಲು ಮೂರು ತಿಂಗಳು ಹಿಡಿಯಿತು. ದಿನಕ್ಕೊಂದು ಇಮೇಲ್, ಪ್ರತಿ ಬಾರಿ ಬೇರೆಯವರಿಂದ ಉತ್ತರ. ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ತಿಳಿಯಲಿಲ್ಲ, ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ.

ಈಗ ಬೇರೆ ಕಂಪನಿ, ಅದೂ ಅಮೆರಿಕದ್ದೇ. ಈ ಸಲ ಗಂಟೆಗೆ ಎಷ್ಟು ಡಾಲರ್ ಎಂದು ಕೇಳುವ ಮೊದಲು, ಹಣ ಎಷ್ಟು ದಿನಕ್ಕೆ ಎಂದು ಕೇಳಿದೆ. ನಿನ್ನ ಕರಡನ್ನು ಅದೇ ಕಣ್ಣಿನಿಂದ ನೋಡು. ತಿಂಗಳು ಮುಗಿದ ಮೇಲೆ ಬಿಲ್ಲು, ಅದರ ಮೇಲೆ 45 ದಿನ. ಅಂದರೆ ಒಂದನೇ ತಾರೀಖು ಮಾಡಿದ ಕೆಲಸದ ಹಣ ಬರುವುದು 75ನೇ ದಿನಕ್ಕೆ. 7 ದಿನದ ಸೂಚನೆಗಿಂತ ಈ 75 ದಿನ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಇನ್ನೊಂದು ವಿಷಯ, ಇದು ನಗುವುದಕ್ಕೆ. ನಮ್ಮ ಓಣಿಯ ಎಲ್ಲರ ಗ್ಯಾಸ್ ಸಿಲಿಂಡರ್, ಕೊರಿಯರ್, ಶಾಲೆಯಿಂದ ಬೇಗ ಬಂದ ಮಕ್ಕಳು ನಮ್ಮ ಮನೆಗೇ ಬರುವುದು. ‘ನೀವು ಹೇಗೂ ಮನೆಯಲ್ಲೇ ಇರುತ್ತೀರಲ್ಲ’ ಎನ್ನುತ್ತಾರೆ. ಮಹಡಿ ಮೇಲೆ ಕೂರುತ್ತಿರುವುದು ಒಳ್ಳೆಯದಾಯಿತು, ಕೆಳಗೆ ಇಳಿಯಬೇಡ.

ಮಹಡಿ ಖೋಲಿ, ಕಲಬುರಗಿ

ಅಕ್ಕಾ, 75 ದಿನ ಎಂದು ನಾನು ಎಣಿಸಿಯೇ ಇರಲಿಲ್ಲ. 45 ಎಂದಷ್ಟೇ ಓದಿದ್ದೆ.

ಲೆಕ್ಕದ ಪುಸ್ತಕ, ಕಲಬುರಗಿ

ಸೂಪರ್ ಮಾರ್ಕೆಟ್ ಹತ್ತಿರ ತೆರಿಗೆ ಲೆಕ್ಕ ಬರೆಯುವವನು ನಾನು. ಹತ್ತು ವರ್ಷದ ಹಿಂದೆ ಇಂಥ ಒಬ್ಬರೂ ನನ್ನ ಬಳಿ ಬರುತ್ತಿರಲಿಲ್ಲ. ಈಗ ಜುಲೈ ಬಂತೆಂದರೆ ತೊಗರಿ ದಾಲ್ ಮಿಲ್ಲಿನವರ ನಡುವೆ ಲ್ಯಾಪ್‌ಟಾಪ್ ಚೀಲ ಹಿಡಿದ ನಾಲ್ಕೈದು ಜನ ಬೆಂಚಿನ ಮೇಲೆ ಕುಳಿತಿರುತ್ತಾರೆ.

ಮೊದಲಿಗೆ ಒಂದು ಭ್ರಮೆ ಹೋಗಲಿ. ‘ಹಣ ಹೊರದೇಶದಿಂದ ಬರುತ್ತದೆ, ಇಲ್ಲಿ ತೆರಿಗೆಯಿಲ್ಲ’ ಎಂದು ವರ್ಷಕ್ಕೆ ಒಬ್ಬರಾದರೂ ಹೇಳಿಕೊಂಡು ಬರುತ್ತಾರೆ. ಕಲಬುರಗಿಯಲ್ಲಿ ಕುಳಿತು ಮಾಡಿದ ಕೆಲಸದ ಆದಾಯ ಭಾರತದಲ್ಲಿ ಹುಟ್ಟಿದ ಆದಾಯ. ಅದರ ಮೇಲೆ ವರ್ಷಕ್ಕೆ 182 ದಿನ ಇಲ್ಲವೇ ಅದಕ್ಕಿಂತ ಹೆಚ್ಚು ಇಲ್ಲಿದ್ದವರು ಇಲ್ಲಿನ ನಿವಾಸಿಗಳು. ಹಣ ಯುರೋದಲ್ಲಿ ಬಂದರೇನು, ಡಾಲರ್‌ನಲ್ಲಿ ಬಂದರೇನು.

ಈಗ ನಿಮ್ಮ ಅಂಕಿಗಳು. ಲೆಕ್ಕಕ್ಕೆ ಸುಲಭವಾಗಲಿ ಎಂದು ಯುರೋಗೆ 100 ರೂಪಾಯಿ ಹಿಡಿಯೋಣ. 3,000 ಎಂದರೆ ವರ್ಷಕ್ಕೆ 36 ಲಕ್ಷ. ಇದು ವೃತ್ತಿಯ ಆದಾಯವಾದರೆ, ಮಾಹಿತಿ ತಂತ್ರಜ್ಞಾನವೂ ಸೇರಿ ಕೆಲವು ವೃತ್ತಿಗಳಿಗೆ ಅಂದಾಜು ಲಾಭದ ಪದ್ಧತಿ ಇದೆ. ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮು ಎಂದು ಎಲ್ಲರ ಬಾಯಲ್ಲಿರುವುದು ಇದೇ. ಬಂದ ಹಣದಲ್ಲಿ ಅರ್ಧವನ್ನು ಲಾಭವೆಂದು ತೋರಿಸಿದರೆ ಸಾಕು, ಖರ್ಚಿನ ಪುಸ್ತಕ ಬೇಡ. ಮಿತಿ 50 ಲಕ್ಷ. ನಗದು ಶೇ 5ನ್ನು ಮೀರದಿದ್ದರೆ 75 ಲಕ್ಷ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿಯಾಗಿ ಕಲಮಿನ ಸಂಖ್ಯೆ ಬದಲಾಗಿದೆ, ಹುರುಳು ಅದೇ. ಆಗ ನಿಮ್ಮ ಆದಾಯ 18 ಲಕ್ಷ. 2025-26ರ ಹೊಸ ಪದ್ಧತಿಯ ದರದಲ್ಲಿ ಸೆಸ್ ಸೇರಿ ತೆರಿಗೆ 1,66,400 ರೂಪಾಯಿ.

ಅದೇ 36 ಲಕ್ಷ ಪಗಾರವಾದರೆ ಪಗಾರದವರಿಗೆ ಸಿಗುವ 75,000 ರಿಯಾಯಿತಿ ಕಳೆದು ಉಳಿದುದಕ್ಕೆಲ್ಲ ತೆರಿಗೆ. 6,63,000. ಮಧ್ಯವರ್ತಿ ಸಂಸ್ಥೆಯ 28.8 ಲಕ್ಷದ ಪಗಾರಕ್ಕೆ ಸುಮಾರು 4,38,000.

ಈ ಮೂರು ಅಂಕಿ ನೋಡಿದವರೆಲ್ಲ ಬಿಲ್ಲಿನ ಕಡೆಗೇ ಓಡುತ್ತಾರೆ. ಓಡುವ ಮೊದಲು ನಿಮ್ಮ ಕರಡು ಓದಿ. ಬೆಳಿಗ್ಗೆ ಇಷ್ಟು ಗಂಟೆಗೆ ಬರಬೇಕು, ವರ್ಷಕ್ಕೆ ಇಷ್ಟು ರಜೆ, ಬೇರೆಯವರಿಗೆ ಕೆಲಸ ಮಾಡಬಾರದು, ಮೇಲಧಿಕಾರಿಯ ಅನುಮತಿ ಬೇಕು ಎಂದೆಲ್ಲ ಇದ್ದರೆ ಮೇಲೆ ‘ಗುತ್ತಿಗೆದಾರ’ ಎಂದು ಬರೆದದ್ದು ಅಡ್ಡಗೋಡೆಯ ಮೇಲಿನ ದೀಪ. ಅಧಿಕಾರಿ ಇದು ಪಗಾರವೇ ಎಂದು ಹೇಳಿದರೆ 1,66,400 ಇದ್ದದ್ದು 6,63,000 ಆಗುತ್ತದೆ, ಮೇಲೆ ಬಡ್ಡಿ. ರಜೆಯ ಕಲಮು ಇದೆಯೆಂದು ಖುಷಿಪಟ್ಟು ನನಗೆ ಒಪ್ಪಂದ ತೋರಿಸಿದವರೇ ಹೆಚ್ಚು.

ತೊಗರಿ ಬೇಳೆ, ಆಳಂದ ರಸ್ತೆ

ಸರ್, ಖರ್ಚೇ ಇಲ್ಲದವರು ಅರ್ಧ ಮಾತ್ರ ಲಾಭ ಎಂದು ತೋರಿಸುವುದು ಸರಿಯೇ? ನನಗೆ ವರ್ಷಕ್ಕೆ ಇಂಟರ್‌ನೆಟ್ ಬಿಲ್ಲು ಬಿಟ್ಟರೆ ಬೇರೆ ಖರ್ಚಿಲ್ಲ. ಮನಸ್ಸಿಗೆ ಒಗ್ಗುವುದಿಲ್ಲ.

ಲೆಕ್ಕದ ಪುಸ್ತಕ, ಕಲಬುರಗಿ

ಅರ್ಧಕ್ಕಿಂತ ಹೆಚ್ಚು ತೋರಿಸಬೇಡಿ ಎಂದು ಕಾನೂನು ತಡೆಯುವುದಿಲ್ಲ. ಮನಸ್ಸಿಗೆ ಒಗ್ಗದವರು ಹೆಚ್ಚು ತೋರಿಸಲಿ. ನನ್ನ ಬೆಂಚಿನ ಮೇಲೆ ಅಂಥವರು ಇನ್ನೂ ಕುಳಿತಿಲ್ಲ.

ರಾತ್ರಿ ಪಾಳಿ, ಭಾಲ್ಕಿ

ಜಿಎಸ್‌ಟಿ ಗೋಜಿಗೆ ಹೋಗಬೇಡಿ ಅಕ್ಕಾ. ನಾನು ಹೋಗಿಲ್ಲ, ಯಾರೂ ಕೇಳಿಲ್ಲ.

ಲೆಕ್ಕದ ಪುಸ್ತಕ, ಕಲಬುರಗಿ

ತಮ್ಮಾ, ನಿನ್ನ ವರ್ಷದ ವಹಿವಾಟು 20 ಲಕ್ಷದೊಳಗೆ ಇದ್ದರೆ ಕೇಳುವ ಪ್ರಶ್ನೆಯೇ ಇಲ್ಲ. ಇವರದು 36 ಲಕ್ಷ. ರಫ್ತಾದ ಸೇವೆಯೂ ಆ 20 ಲಕ್ಷದ ಎಣಿಕೆಯಲ್ಲಿ ಸೇರುತ್ತದೆ, ಆದ್ದರಿಂದ ನೋಂದಣಿ ಬೇಕೇ ಬೇಕು. ಭಯಪಡುವಂಥದ್ದೇನೂ ಅಲ್ಲ. ಸೇವೆ ಪಡೆಯುವವರು ಹೊರದೇಶದಲ್ಲಿದ್ದು ಹಣ ವಿದೇಶಿ ವಿನಿಮಯದಲ್ಲಿ ಬಂದರೆ ತೆರಿಗೆಯ ದರ ಸೊನ್ನೆ. ಪ್ರತಿ ಹಣಕಾಸು ವರ್ಷಕ್ಕೆ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಬೇಕು, ಅದಕ್ಕೆ ಶುಲ್ಕವಿಲ್ಲ. ಅದನ್ನು ಮರೆತರೆ ಮೊದಲು ಶೇ 18 ಕಟ್ಟಿ ಆಮೇಲೆ ಮರುಪಾವತಿಗೆ ಅಲೆಯಬೇಕು. ಮನೆ ಅಪ್ಪನ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ, ವಿದ್ಯುತ್ ಬಿಲ್ಲು ತೆಗೆದಿಟ್ಟುಕೊಳ್ಳಿ.

ಮಹಡಿ ಖೋಲಿ, ಕಲಬುರಗಿ

ಅಪ್ಪನ ಒಪ್ಪಿಗೆ ಪತ್ರ! ಸರ್, ಜಿಎಸ್‌ಟಿಗಿಂತ ಅದೇ ಕಷ್ಟದ್ದು.

ತೊಗರಿ ಬೇಳೆ, ಆಳಂದ ರಸ್ತೆ

ನಾನು ಮೂರು ವರ್ಷದಿಂದ ಇಂಗ್ಲೆಂಡಿನ ಒಂದು ಕಂಪನಿಗೆ ಬಿಲ್ಲು ಕಳಿಸುತ್ತಿದ್ದೇನೆ. ತೆರಿಗೆ ಕಾಡಲಿಲ್ಲ, ಬ್ಯಾಂಕು ಕಾಡಿತು. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ನಮ್ಮ ಊರಿನದೇ ತೊಂದರೆ, ಬೆಂಗಳೂರಿನವರಿಗೆ ಗೊತ್ತಿರುವುದಿಲ್ಲ.

ಮೊದಲ ಹಣ ಬಂದ ದಿನ ಶಾಖೆಯಿಂದ ಫೋನ್ ಬಂತು. ಹೋದೆ. ಅಂದು ಪಿಂಚಣಿಯ ದಿನ, ಕಾಲಿಡಲು ಜಾಗವಿರಲಿಲ್ಲ. ಕೌಂಟರಿನವರು ಗಣಕಯಂತ್ರ ನೋಡಿ, ನನ್ನನ್ನು ನೋಡಿ, ‘ಅಣ್ಣ ಹೊರಗೆ ಇದ್ದಾರೋ, ಅಪ್ಪನೋ?’ ಎಂದು ಕೇಳಿದರು. ಯಾರೂ ಇಲ್ಲ, ನಾನೇ ಇಲ್ಲಿ ಕೆಲಸ ಮಾಡುತ್ತೇನೆ ಎಂದೆ. ‘ಇಲ್ಲಿ ಕೆಲಸ ಮಾಡಿದರೆ ಅಲ್ಲಿಂದ ಹಣ ಹೇಗೆ ಬರುತ್ತದೆ?’ ಎಂದರು. ಅವರ ತಪ್ಪಲ್ಲ. ನಮ್ಮ ಕಡೆ ಹೊರದೇಶದ ಹಣವೆಂದರೆ ಸೌದಿಯಿಂದ, ದುಬೈಯಿಂದ ಮನೆಗೆ ಬರುವ ಹಣ. ಹಿಂದೆ ಜನ ನಿಂತು ತಳ್ಳುತ್ತಿದ್ದರು, ಅವರು ಏನೋ ಒತ್ತಿದರು, ಹಣ ಖಾತೆಗೆ ಬಂತು, ನಾನು ಹೊರಟೆ.

ಎಂಟು ತಿಂಗಳ ಮೇಲೆ ಲೆಕ್ಕ ಬರೆಯುವವರು, ಹೊರಗಿನ ಹಣ ಬಂದಾಗ ಬ್ಯಾಂಕು ಕೊಡುವ ಸೂಚನಾ ಪತ್ರಗಳನ್ನು ಕೇಳಿದರು. ಎಂಟು ಪತ್ರದಲ್ಲೂ ಉದ್ದೇಶದ ಸಂಕೇತ ಪಿ1301. ಅಂದರೆ ಅನಿವಾಸಿಯಿಂದ ಕುಟುಂಬ ನಿರ್ವಹಣೆಗೆ ಬಂದ ಹಣ. ಇರಬೇಕಾದದ್ದು ಪಿ0802, ಸಾಫ್ಟ್‌ವೇರ್ ಸಲಹಾ ಸೇವೆ. ಕಾಗದದ ಮೇಲೆ ನಾನು ಇಂಗ್ಲೆಂಡಿನಲ್ಲಿರುವ ಯಾರದೋ ಆಶ್ರಿತ. ರಫ್ತು ಸೇವೆ ಎಂದು ತೋರಿಸಲು ಈ ಪತ್ರವೇ ಆಧಾರ, ಅದೇ ತಪ್ಪು. ಎಂಟು ಬಿಲ್ಲು, ಒಪ್ಪಂದದ ಪ್ರತಿ, ಒಂದು ಮನವಿ ಹಿಡಿದು ಆರು ಸಲ ಓಡಾಡಿದ ಮೇಲೆ ತಿದ್ದಿಕೊಟ್ಟರು.

ಆದ್ದರಿಂದ ಮೊದಲ ಹಣ ಬರುವ ಮುಂಚೆಯೇ ಶಾಖೆಗೆ ಹೋಗಿ. ಒಪ್ಪಂದದ ಪ್ರತಿ ಕೊಟ್ಟು, ಪಿ0802 ಎಂದು ಬಾಯಲ್ಲಿ ಹೇಳಬೇಡಿ, ಬರೆದುಕೊಟ್ಟು ಮುದ್ರೆ ಒತ್ತಿಸಿಕೊಳ್ಳಿ. ಪ್ರತಿ ತಿಂಗಳ ಸೂಚನಾ ಪತ್ರ ಆಯಾ ತಿಂಗಳೇ ತೆಗೆದುಕೊಳ್ಳಿ.

ನಿವೃತ್ತ ಕ್ಯಾಷಿಯರ್, ಶಹಾಬಾದ್

ಮೇಲಿನ ತಮ್ಮ ಹೇಳಿದ್ದು ನಿಜ. ಆ ಕೌಂಟರಿನಲ್ಲಿ ನಾನೂ ಮೂವತ್ತೆರಡು ವರ್ಷ ಕುಳಿತವನು. ಸಾಲಿನಲ್ಲಿ ಅರವತ್ತು ಜನ ನಿಂತಿರುವಾಗ ಯಾವ ಸಂಕೇತ ಎಂದು ಕೈಪಿಡಿ ತೆರೆಯುವವರು ಯಾರು? ನಿನ್ನೆ ಒತ್ತಿದ್ದನ್ನೇ ಇಂದೂ ಒತ್ತುತ್ತೇವೆ.

ಮಗಳೇ, ನಿಮಗೆ ಮನೆ ಕಟ್ಟುವ, ಪ್ಲಾಟು ಕೊಳ್ಳುವ ಯೋಚನೆ ಇದೆಯೇ? ಇದ್ದರೆ ಈಗಿನ ಪಗಾರದ ಚೀಟಿ ಇರುವಾಗಲೇ ಸಾಲ ಮಂಜೂರು ಮಾಡಿಸಿಕೊಳ್ಳಿ. ಬಿಲ್ಲಿನವರಿಗೆ ಎರಡು ಮೂರು ವರ್ಷದ ತೆರಿಗೆ ವಿವರಪತ್ರ ಕೇಳುತ್ತಾರೆ. ಅಲ್ಲಿ ನೀವು ತೋರಿಸುವ ಆದಾಯ 36 ಅಲ್ಲ, 18. ತೆರಿಗೆಯಲ್ಲಿ ಉಳಿಸಿದ ಅರ್ಧ ಸಾಲದಲ್ಲಿ ಕಳೆದುಹೋಗುತ್ತದೆ. ಇದನ್ನು ಲೆಕ್ಕದವರು ಯಾರಿಗೂ ಹೇಳುವುದಿಲ್ಲ.

ಲೆಕ್ಕದ ಪುಸ್ತಕ, ಕಲಬುರಗಿ

ಕಾಕಾ, ಹೇಳುತ್ತೇವೆ. ಅವರು ಕೇಳಿಸಿಕೊಳ್ಳುವುದಿಲ್ಲ.

ಹುಮನಾಬಾದ್ ಹುಡುಗ

ನನಗೂ ಕೆನಡಾದ ಒಂದು ಕಂಪನಿಯಿಂದ ಸಂದೇಶ ಬಂದಿದೆ. ಮನೆಯಿಂದಲೇ ಟೈಪಿಂಗ್ ಕೆಲಸ, ತಿಂಗಳಿಗೆ 40,000. ಲ್ಯಾಪ್‌ಟಾಪ್ ಕಳಿಸಲು 6,500 ಠೇವಣಿ ಕಟ್ಟಿ ಎನ್ನುತ್ತಿದ್ದಾರೆ. ಕಟ್ಟಲೇ?

ಗುಂಪಾ ಅಕ್ಕ, ಬೀದರ್

ಕಟ್ಟಬೇಡ ತಮ್ಮಾ. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ಈಗಾಗಲೇ ಕಟ್ಟಿದ್ದರೆ ಈ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ನಾಳೆಯವರೆಗೆ ಕಾಯಬೇಡ.

ಹುಮನಾಬಾದ್ ಹುಡುಗ

ಕಟ್ಟಿಲ್ಲ ಅಕ್ಕಾ. ಗೆಳೆಯ ಕಟ್ಟಿದ್ದಾನೆ. ಅವನಿಗೆ ಹೇಳುತ್ತೇನೆ.

ಕರಿಕೋಟು, ಯಾದಗಿರಿ

ವಕೀಲನಾಗಿ ಎರಡು ಮಾತು. ನಿಮ್ಮ ಒಪ್ಪಂದದ ಕೊನೆಯಲ್ಲಿ ವ್ಯಾಜ್ಯ ಬಂದರೆ ನೆದರ್‌ಲೆಂಡ್ಸ್‌ನ ನ್ಯಾಯಾಲಯವೇ ಎಂದು ಬರೆದಿರುತ್ತಾರೆ. ಆ ಸಾಲಿನ ಬಗ್ಗೆ ಕೊಸರಾಡಿ ಪ್ರಯೋಜನವಿಲ್ಲ. ಕಲಬುರಗಿ ನ್ಯಾಯಾಲಯ ಎಂದು ಬರೆಸಿಕೊಂಡರೂ ಗೆದ್ದ ತೀರ್ಪನ್ನು ಅಲ್ಲಿ ಜಾರಿ ಮಾಡಿಸುವವರು ಯಾರು? ಆರು ಸಾವಿರ ಯುರೋಗಾಗಿ ಆಮ್‌ಸ್ಟರ್‌ಡಾಮ್‌ನಲ್ಲಿ ವಕೀಲರನ್ನು ಹಿಡಿಯುವವರು ಯಾರು? ಆದ್ದರಿಂದ ಬೀದರಿನ ಅಕ್ಕನವರು ಹೇಳಿದ್ದೇ ನಿಜವಾದ ಕಾನೂನು ಸಲಹೆ: ಯಾವ ಹೊತ್ತಿಗೂ ನಿಮ್ಮ ಎಷ್ಟು ದಿನದ ದುಡಿಮೆ ಅವರ ಕೈಯಲ್ಲಿದೆ ಎಂಬುದನ್ನು ಸಣ್ಣದಾಗಿಡಿ. ಹದಿನೈದು ದಿನಕ್ಕೊಮ್ಮೆ ಬಿಲ್ಲು, ಹತ್ತು ದಿನದಲ್ಲಿ ಹಣ. 75 ಇದ್ದದ್ದು 25 ಆಗುತ್ತದೆ. ಹಣ ಬರಲಿಲ್ಲವೆಂದರೆ ಕೆಲಸ ನಿಲ್ಲಿಸಿ, ಮುಳುಗುವುದು ಅಷ್ಟೇ.

ಎರಡನೆಯದು ಕೃತಿಸ್ವಾಮ್ಯ. ನೌಕರರು ಕೆಲಸದ ಭಾಗವಾಗಿ ಬರೆದ ಪ್ರೋಗ್ರಾಂ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ಮಾಲೀಕರದು. ಗುತ್ತಿಗೆದಾರರದು ಸಾಮಾನ್ಯವಾಗಿ ಹಾಗಲ್ಲ. ಲಿಖಿತವಾಗಿ ವರ್ಗಾಯಿಸಬೇಕು. ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು 19ನೇ ಕಲಮು ಹೇಳುತ್ತದೆ. ಅವರ ವಕೀಲರು ಇದನ್ನೆಲ್ಲ ಬಲ್ಲವರು, ಎಲ್ಲ ಹಕ್ಕೂ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಎಂದು ಬರೆದೇ ಇರುತ್ತಾರೆ. ಬರೆಯಲಿ. ನೀವು ಒಂದೇ ಸಾಲು ಸೇರಿಸಿ: ಆಯಾ ಬಿಲ್ಲಿನ ಹಣ ಸಂದಾಯವಾದ ಮೇಲೆಯೇ ಆಯಾ ಕೆಲಸದ ಹಕ್ಕು ವರ್ಗವಾಗುತ್ತದೆ. ಸಾಫ್ಟ್‌ವೇರ್ ಮಾರಿ ಬದುಕುವ ಕಂಪನಿಗೆ ಹಕ್ಕು ತನ್ನ ಕೈಯಲ್ಲಿಲ್ಲ ಎಂಬುದು ದೊಡ್ಡ ತಲೆನೋವು. ನೂರು ಇಮೇಲ್ ಮಾಡದ ಕೆಲಸವನ್ನು ಆ ಸಾಲು ಮಾಡುತ್ತದೆ. ಜೊತೆಗೆ, ‘ಈ ಅವಧಿಯಲ್ಲಿ ರಚಿಸಿದ ಎಲ್ಲವೂ’ ಎಂದಿದ್ದರೆ ‘ಈ ಕಂಪನಿಗಾಗಿ ರಚಿಸಿದ’ ಎಂದು ತಿದ್ದಿಸಿ. ಇಲ್ಲದಿದ್ದರೆ ಭಾನುವಾರ ನೀವು ಮಾಡಿಕೊಟ್ಟ ಊರ ಜಾತ್ರೆಯ ಆ್ಯಪ್ ಕೂಡ ಅವರದೇ.

ಮಹಡಿ ಖೋಲಿ, ಕಲಬುರಗಿ

ಈ ಸಾಲು ಚಿನ್ನದಂಥದ್ದು ಸರ್. ಆದರೆ ಕೇಳಿದರೆ ಮುನಿಸಿಕೊಂಡು ಕೆಲಸವನ್ನೇ ಹಿಂದಕ್ಕೆ ತೆಗೆದುಕೊಂಡರೆ?

ತೊಗರಿ ಬೇಳೆ, ಆಳಂದ ರಸ್ತೆ

ಮುನಿಸಿಕೊಳ್ಳುವುದಿಲ್ಲ. ಕೇಳುವುದು ಮರ್ಯಾದೆಗೇಡು ಎಂದು ನಾವು ಅಂದುಕೊಳ್ಳುತ್ತೇವೆ, ಅವರು ಹಾಗೆ ತಿಳಿಯುವುದಿಲ್ಲ. ನಾನು ಅಳುಕುತ್ತಲೇ 30 ದಿನದ ಸೂಚನೆ ಕೇಳಿದಾಗ ಅವರು ಒಂದೇ ಪದದ ಉತ್ತರ ಕಳಿಸಿದರು: ಸರಿ. ಎರಡು ರಾತ್ರಿ ನಿದ್ದೆಗೆಟ್ಟದ್ದು ವ್ಯರ್ಥ.

ಶಹಾಪುರದಿಂದ ಫ್ರಾಂಕ್‌ಫರ್ಟ್

ನನ್ನದು ತಿರುಗುಮುರುಗಾದ ಪ್ರಶ್ನೆ. ನಾನು ಜರ್ಮನಿಯಲ್ಲಿಯೇ ನೌಕರಿಯಲ್ಲಿದ್ದೇನೆ, ಬ್ಲೂ ಕಾರ್ಡ್ (ಹೊರಗಿನ ನುರಿತ ನೌಕರರಿಗೆ ಕೊಡುವ ವಾಸದ ಪರವಾನಗಿ) ಇದೆ. ಅಪ್ಪನಿಗೆ ವಯಸ್ಸಾಗಿದೆ. ಶಹಾಪುರಕ್ಕೆ ಬಂದು ನಾಲ್ಕು ತಿಂಗಳು ಅಲ್ಲಿಂದಲೇ ಕೆಲಸ ಮಾಡುತ್ತೇನೆ ಎಂದರೆ ಕಂಪನಿ ವರ್ಷಕ್ಕೆ 30 ದಿನಕ್ಕಿಂತ ಹೆಚ್ಚು ಕೊಡುವುದಿಲ್ಲ ಎನ್ನುತ್ತದೆ. ಇಷ್ಟು ದಿನ ಇದು ಬರೀ ಹಟ ಎಂದುಕೊಂಡಿದ್ದೆ.

ಲೆಕ್ಕದ ಪುಸ್ತಕ, ಕಲಬುರಗಿ

ಹಟವಲ್ಲ, ಭಯ. ನೀವು ಬಹಳ ಕಾಲ ಇಲ್ಲಿಂದ ಅವರ ವ್ಯವಹಾರ ನಡೆಸಿದರೆ, ಮುಖ್ಯವಾಗಿ ಅವರ ಪರವಾಗಿ ಒಪ್ಪಂದ ಕುದುರಿಸುವವರಾದರೆ, ಭಾರತದಲ್ಲಿ ಕಂಪನಿಗೆ ಸ್ಥಿರ ನೆಲೆ ಇದೆ ಎಂದು ಇಲ್ಲಿನ ಇಲಾಖೆ ವಾದಿಸಬಹುದು. ಆಗ ಕಂಪನಿಯ ಲಾಭದ ಒಂದು ಪಾಲಿಗೆ ಇಲ್ಲಿ ತೆರಿಗೆ. ಶಹಾಪುರದ ನಿಮ್ಮ ಪಡಸಾಲೆ ಜರ್ಮನ್ ಕಂಪನಿಯ ಶಾಖೆಯಾಗುತ್ತದೆ ಎಂದರೆ ಅವರ ಎದೆ ಝಲ್ಲೆನ್ನದೇ ಇರುತ್ತದೆಯೇ? ಮೇಲೆ ಪ್ರಶ್ನೆ ಕೇಳಿದ ತಂಗಿಗೆ ನೇರವಾಗಿ ನೌಕರಿ ಕೊಡದೆ ಬಿಲ್ಲು, ಮಧ್ಯವರ್ತಿ ಎಂದು ಸುತ್ತುತ್ತಿರುವುದಕ್ಕೂ ಇದು ಒಂದು ಕಾರಣ.

ನಿಮ್ಮ ಪಗಾರದ ಮಾತು ಬೇರೆ. ಭಾರತ-ಜರ್ಮನಿ ತೆರಿಗೆ ಒಪ್ಪಂದದಂತೆ, ನೀವು ಜರ್ಮನಿಯ ನಿವಾಸಿಯಾಗಿಯೇ ಉಳಿದು, ಆ ಹಣಕಾಸು ವರ್ಷದಲ್ಲಿ ಇಲ್ಲಿ 183 ದಿನ ಮೀರದೆ, ಪಗಾರ ಕೊಡುವವರು ಇಲ್ಲಿನವರಲ್ಲದೆ, ಇಲ್ಲಿ ಅವರ ಸ್ಥಿರ ನೆಲೆಯ ಖರ್ಚಿಗೂ ಅದು ಬೀಳದಿದ್ದರೆ ತೆರಿಗೆ ಅಲ್ಲಿಯೇ. ಎಲ್ಲ ಷರತ್ತೂ ಒಟ್ಟಿಗೆ ಸಲ್ಲಬೇಕು.

ಶಹಾಪುರದಿಂದ ಫ್ರಾಂಕ್‌ಫರ್ಟ್

ಧನ್ಯವಾದ ಸರ್. ನನ್ನ ಹಾಗೆ ಯೋಚಿಸುತ್ತಿರುವವರಿಗೆ ಇನ್ನೊಂದು ಮಾತು: ಬ್ಲೂ ಕಾರ್ಡ್ ಇರುವವರು 12 ತಿಂಗಳು, ಸಾಮಾನ್ಯ ವಾಸದ ಪರವಾನಗಿ ಇರುವವರು 6 ತಿಂಗಳು ಮೀರಿ ಜರ್ಮನಿಯ ಹೊರಗಿದ್ದರೆ ಅದು ತಾನಾಗಿಯೇ ರದ್ದಾಗುತ್ತದೆ. ನನ್ನ ಗೆಳೆಯನೊಬ್ಬ ತಂಗಿಯ ಮದುವೆಗೆಂದು ಹೋದವನು ತೊಗರಿ ರಾಶಿ ಮುಗಿಸಿ ಬರುತ್ತೇನೆ ಎಂದು ಉಳಿದು ಇದರಲ್ಲಿ ಸಿಕ್ಕಿಬಿದ್ದ.

ಗುಂಪಾ ಅಕ್ಕ, ಬೀದರ್

ಅಮೆರಿಕದ ಕೆಲಸ ಮಾಡುವವರಿಗೆ ಡಬ್ಲ್ಯೂ-8ಬೆನ್ ಎಂಬ ನಮೂನೆ ಬರುತ್ತದೆ. ನೋಡಿ ಹೆದರಬೇಡಿ. ನಾನು ಅಮೆರಿಕದವಳಲ್ಲ ಎಂದು ಹೇಳುವ ಕಾಗದ ಅದು. ಪ್ಯಾನ್ ಸಂಖ್ಯೆ ಬರೆದು ಸಹಿ ಮಾಡಿದರೆ ಆಯಿತು. ಬೀದರಿನಲ್ಲಿ ಕುಳಿತು ಮಾಡಿದ ಕೆಲಸ ಅಮೆರಿಕದಲ್ಲಿ ಹುಟ್ಟಿದ ಆದಾಯವಲ್ಲ, ಅಲ್ಲಿ ಶೇ 30 ತೆರಿಗೆ ಹಿಡಿಯುವುದಿಲ್ಲ.

ಮತ್ತೆ ಹೊತ್ತಿನ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಗಡಿಯಾರ ವರ್ಷವಿಡೀ ಒಂದೇ. ನ್ಯೂಯಾರ್ಕಿನವರದು ವರ್ಷಕ್ಕೆ ಎರಡು ಸಲ ಹಿಂದುಮುಂದಾಗುತ್ತದೆ. ಅವರ ಒಂಬತ್ತೂವರೆಯ ಸಭೆ ಬೇಸಿಗೆಯಲ್ಲಿ ನಮಗೆ ಸಂಜೆ ಏಳಕ್ಕೆ, ಚಳಿಗಾಲದಲ್ಲಿ ಎಂಟಕ್ಕೆ. ನಮ್ಮ ಮನೆಯ ರಾತ್ರಿ ರೊಟ್ಟಿ ಎಷ್ಟು ಹೊತ್ತಿಗೆ ಬೇಯಬೇಕೆಂದು ಅವರು ನಿರ್ಧರಿಸುತ್ತಾರೆ. ಅತ್ತೆಯವರಿಗೆ ಇದನ್ನು ತಿಳಿಸಿ ಹೇಳಲು ಎರಡು ವರ್ಷ ಬೇಕಾಯಿತು. ಈಗ ಅವರೇ ‘ಅಮೆರಿಕದ ಗಡಿಯಾರ ತಿರುಗಿತೇ?’ ಎಂದು ಕೇಳುತ್ತಾರೆ.

ತೊಗರಿ ಬೇಳೆ, ಆಳಂದ ರಸ್ತೆ

ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ ತಿರುಗಿಸುತ್ತಾರೆ, ಅಮೆರಿಕದವರು ಎರಡನೆಯ ಭಾನುವಾರವೇ. ನಮ್ಮ ತಂಡದಲ್ಲಿ ಇಬ್ಬರೂ ಇದ್ದಾರೆ. ಶರಣಬಸವೇಶ್ವರ ಜಾತ್ರೆಯ ಆಸುಪಾಸಿನ ಆ ಎರಡು ಮೂರು ವಾರ ಯಾವ ಸಭೆ ಎಷ್ಟಕ್ಕೆ ಎಂದು ಒಬ್ಬರಿಗೂ ಸರಿಯಾಗಿ ತಿಳಿದಿರುವುದಿಲ್ಲ. ನೆದರ್‌ಲೆಂಡ್ಸ್‌ನ ಬೆಳಗಿನ ಒಂಬತ್ತು ನಿಮಗೆ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಬೆಳಿಗ್ಗೆ ಪೂರ್ತಿ ಅವ್ವನಿಗೆ ಸಿಗುತ್ತದೆ, ಅದು ನಿಮ್ಮ ಲಾಭ. ಆದರೆ ಮೇ ತಿಂಗಳ ಮಧ್ಯಾಹ್ನ 43 ಡಿಗ್ರಿಯಲ್ಲಿ ಮಹಡಿಯ ಖೋಲಿಯಲ್ಲಿ ಕುಳಿತು ಕೆಲಸ ಆರಂಭಿಸುವುದು ಹೇಗೆ ಎಂದು ಈಗಲೇ ಯೋಚಿಸಿ.

ಲೆಕ್ಕದ ಪುಸ್ತಕ, ಕಲಬುರಗಿ

ಹೋಗುವ ಮುನ್ನ ಒಂದು. ಸಣ್ಣ ಕಂಪನಿಯವರು ಹಣದ ಜೊತೆ ತಮ್ಮ ಷೇರು ಕೊಡುತ್ತೇವೆಂದು ಮೂಗಿಗೆ ತುಪ್ಪ ಸವರುತ್ತಾರೆ. ವಿದೇಶಿ ಷೇರು ಹೆಸರಿಗೆ ಬಂದ ಮೇಲೆ ಸರಳವಾದ ಐಟಿಆರ್-4 ತೆರಿಗೆ ವಿವರಪತ್ರ ಸಲ್ಲಿಸುವಂತಿಲ್ಲ, ಐಟಿಆರ್-3ರಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು. ಮರೆತವರಿಗೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ ಬೀಳಬಹುದು. ಷೇರು ಬಂದ ದಿನ ನನಗೋ ಬೇರೆ ಯಾರಿಗೋ ಒಂದು ಮಾತು ತಿಳಿಸಿ. ಮುಂಗಡ ತೆರಿಗೆ ಮಾರ್ಚ್ 15ರೊಳಗೆ, ಅಂದಾಜು ಪದ್ಧತಿಯವರಿಗೆ ಒಂದೇ ಕಂತು.

ಮಹಡಿ ಖೋಲಿ, ಕಲಬುರಗಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರ ಮಾತೂ ಒಂದು ಹಾಳೆಯ ಮೇಲೆ ಬರೆದುಕೊಂಡು ಅವರ ಜೊತೆ ಒಂದು ಗಂಟೆ ಮಾತನಾಡಿದೆ. ಬಿಲ್ಲಿನ ದಾರಿಯನ್ನೇ ಹಿಡಿದೆ. ಹದಿನೈದು ದಿನಕ್ಕೊಮ್ಮೆ ಬಿಲ್ಲು ಒಪ್ಪಿದರು. ಹತ್ತು ದಿನದಲ್ಲಿ ಹಣ ಎಂದೆ, ಹದಿನಾಲ್ಕಕ್ಕೆ ನಿಂತಿತು. ಸೂಚನೆಯ ಅವಧಿ 60 ಕೇಳಿದೆ, 30 ಕೊಟ್ಟರು. ಹಕ್ಕಿನ ಸಾಲಿಗೆ ಅವರ ವಕೀಲರು ನಾಲ್ಕು ದಿನ ತೆಗೆದುಕೊಂಡು ಕೊನೆಗೆ ಒಪ್ಪಿದರು. ರಜೆಯ ಕಲಮು, ಬೇರೆಯವರಿಗೆ ಕೆಲಸ ಮಾಡಬಾರದೆಂಬ ಕಲಮು ಎರಡನ್ನೂ ನಾನೇ ತೆಗೆಸಿದೆ. ರಜೆ ಬೇಡವೆನ್ನುವವರನ್ನು ಇದೇ ಮೊದಲು ನೋಡಿದೆವು ಎಂದು ನಕ್ಕರು.

ಕಾಕಾ ಹೇಳಿದಂತೆ ಹಳೆಯ ಕಂಪನಿ ಬಿಡುವ ಮುಂಚೆ ಪ್ಲಾಟಿನ ಸಾಲಕ್ಕೆ ಅರ್ಜಿ ಹಾಕಲು ಹೋಗಿದ್ದೆ. ರಾಜೀನಾಮೆ ಆಗಲೇ ಕೊಟ್ಟಾಗಿತ್ತು, ಅದನ್ನು ಮುಚ್ಚಿಟ್ಟು ಸಾಲ ತೆಗೆದುಕೊಳ್ಳುವುದು ಬೇಡವೆನಿಸಿತು. ಆ ಆಸೆ ಎರಡು ವರ್ಷ ಮುಂದಕ್ಕೆ ಹೋಯಿತು. ಅಪ್ಪ, ಅವ್ವ, ನಾನು ಮೂವರಿಗೂ ಆರೋಗ್ಯ ವಿಮೆ ಮಾಡಿಸಿದೆ. ಅವ್ವನ ಮೊಣಕಾಲನ್ನು ಮಾತ್ರ ಸದ್ಯಕ್ಕೆ ಹೊರಗಿಟ್ಟಿದ್ದಾರೆ.

ಅಪ್ಪ ಜಿಎಸ್‌ಟಿಯ ಒಪ್ಪಿಗೆ ಪತ್ರಕ್ಕೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಹಾಕಿದರು. ‘ನನ್ನ ಮನೆ ವ್ಯವಹಾರದ ಸ್ಥಳ ಎಂದು ಬರೆದಿದ್ದೀಯ, ಬಾಡಿಗೆ ಎಷ್ಟು ಕೊಡುತ್ತೀ?’ ಎಂದರು. ಓಣಿಯಲ್ಲಿ ಯಾರಾದರೂ ಕೇಳಿದರೆ ಮಗಳು ಬೆಂಗಳೂರಿನ ಕಂಪನಿಯಲ್ಲಿದ್ದಾಳೆ ಎಂದೇ ಇನ್ನೂ ಹೇಳುತ್ತಿದ್ದಾರೆ.

ನಿನ್ನೆ ಮೊದಲ ಸಭೆ. ಕಿಟಕಿಗೆ ಕೂಲರ್ ಹಾಕಿಕೊಂಡು ಕುಳಿತಿದ್ದೆ. ಹತ್ತು ನಿಮಿಷವಾದ ಮೇಲೆ ಅಲ್ಲಿನವರೊಬ್ಬರು ಬಹಳ ಸೌಜನ್ಯದಿಂದ, ನಿಮ್ಮಲ್ಲಿ ಜೋರು ಮಳೆಯೇ ಎಂದು ಕೇಳಿದರು.

ತೊಗರಿ ಬೇಳೆ, ಆಳಂದ ರಸ್ತೆ

ನಾನು ಮೂರು ವರ್ಷದಿಂದ ಹೌದು, ಮಳೆ ಎಂದೇ ಹೇಳುತ್ತಿದ್ದೇನೆ. ಮೈಕ್ ಇರುವ ಬೇರೆ ಹೆಡ್‌ಫೋನ್ ತೆಗೆದುಕೊಳ್ಳಿ. ರೌಟರಿಗೆ ಪ್ರತ್ಯೇಕ ಸಣ್ಣ ಬ್ಯಾಟರಿ ಇಟ್ಟಿದ್ದೀರಾ?

ಮಹಡಿ ಖೋಲಿ, ಕಲಬುರಗಿ

ಇಲ್ಲ, ಇನ್ವರ್ಟರಿಗೇ ಕೊಟ್ಟಿದ್ದೇನೆ. ಬದಲಾಗುವ ಆ ಒಂದು ಕ್ಷಣ ರೌಟರ್ ಆರಿ ಹೊತ್ತಿಕೊಳ್ಳುತ್ತದೆ, ಮತ್ತೆ ಸೇರಲು ಎರಡು ನಿಮಿಷ.

ತೊಗರಿ ಬೇಳೆ, ಆಳಂದ ರಸ್ತೆ

ಅದಕ್ಕೇ ಕೇಳಿದ್ದು. 12 ವೋಲ್ಟಿನದು ಸಿಗುತ್ತದೆ, ರೌಟರಿನ ಹಿಂದೆ ಬರೆದ ಅಂಕಿ ನೋಡಿಕೊಂಡು ಹೋಗಿ.